ದಾರಿ ಬಿಡಬೇಕಾದವರು ಯಾರು? ಮುನಿರ್ಕಾದ ಕೂಡುರಸ್ತೆಯಲ್ಲಿ ಕಾರು, ಸೈಕಲ್ಲು ಮತ್ತು ಕಾನೂನು



ದಕ್ಷಿಣ ದೆಹಲಿಯ ಮುನಿರ್ಕಾ ಕನ್ನಡಿಗರಿಗೆ ಅಪರಿಚಿತ ಸ್ಥಳವಲ್ಲ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಅನೇಕ ವಿದ್ಯಾರ್ಥಿಗಳು ಬಾಡಿಗೆ ಕೋಣೆ ಹಿಡಿಯುವುದು ಮುನಿರ್ಕಾ ಹಳ್ಳಿಯ ಇಕ್ಕಟ್ಟಾದ ಗಲ್ಲಿಗಳಲ್ಲಿ. ದೆಹಲಿ ಕರ್ನಾಟಕ ಸಂಘದ ಕಟ್ಟಡವಿರುವ ರಾಮಕೃಷ್ಣಪುರಂ ರಸ್ತೆಯ ಆಚೆಗಿದೆ. ಹಳ್ಳಿ, ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಫ್ಲಾಟುಗಳು, 2018ರ ಮೇ ತಿಂಗಳಿನಲ್ಲಿ ತೆರೆದ ಮೆಟ್ರೋ ನಿಲ್ದಾಣ, ಎದುರಿನ ಸರಕಾರಿ ವಸತಿಗೃಹಗಳು, ಇವೆಲ್ಲವುಗಳ ನಡುವೆ ಹೊರ ವರ್ತುಲ ರಸ್ತೆ ಹರಿಯುತ್ತದೆ. ವಾಹನದಲ್ಲಿ ಸಾಗುವವರಿಗೆ ಅದು ಊರುಗಳನ್ನು ಬೆಸೆಯುವ ರಸ್ತೆ. ನಡೆದು ಅಥವಾ ಸೈಕಲ್ಲಿನಲ್ಲಿ ಸಾಗುವವರಿಗೆ ದಿನಕ್ಕೆರಡು ಬಾರಿ ದಾಟಬೇಕಾದ ಹೊಳೆ.

ಬೆಳಗಿನ ಹೊತ್ತು ಅಲ್ಲಿ ನಿಂತು ನೋಡಿದವರಿಗೆ ಒಂದು ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತದೆ. ಕಾವಲುಗಾರನೋ, ಬಡಗಿಯೋ, ಪತ್ರಿಕೆ ಹಂಚುವ ಹುಡುಗನೋ ರಸ್ತೆಯ ಎಡ ಅಂಚಿನಲ್ಲಿ ಸೈಕಲ್ ತುಳಿಯುತ್ತ ನೇರವಾಗಿ ಸಾಗುತ್ತಿರುತ್ತಾನೆ. ಮುಂದೆ ಎಡಕ್ಕೆ ಕವಲೊಡೆಯುವ ಸ್ಲಿಪ್ ರಸ್ತೆ ಬರುತ್ತದೆ. ಹಿಂದಿನಿಂದ ಬಂದ ಕಾರುಗಳು ವೇಗ ತಗ್ಗಿಸದೆ ಅವನ ಮುಂದಿನಿಂದಲೇ ಎಡಕ್ಕೆ ಹೊರಳುತ್ತವೆ. ಅವನು ಒಂದು ಕಾಲನ್ನು ನೆಲಕ್ಕೆ ಊರಿ, ಬಲ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತ ಕಾಯುತ್ತಾನೆ. ಚಾಲಕ ಅವನನ್ನು ನೋಡುವುದೂ ಇಲ್ಲ. ಮಾತಿಲ್ಲ, ಜಗಳವಿಲ್ಲ, ಪೊಲೀಸರಿಲ್ಲ. ಯಾರು ಮೊದಲು ಸಾಗಬೇಕೆಂಬುದು ಆ ಕ್ಷಣದಲ್ಲಿ ತೀರ್ಮಾನವಾಗಿಬಿಡುತ್ತದೆ.

ಈ ತೀರ್ಮಾನವನ್ನು ಮಾಡಿದವರು ಯಾರು? ಕಾನೂನೇ, ರಸ್ತೆಯ ರಚನೆಯೇ, ಅಥವಾ ರೂಢಿಯೇ? ಇಂದಿನ ಮಾತು ಈ ಒಂದು ಪ್ರಶ್ನೆಯ ಸುತ್ತಲಿನದು. ಪ್ರಶ್ನೆ ಚಿಕ್ಕದಾಗಿ ತೋರಿದರೂ ಅದರ ಹಿಂದಿರುವ ಲೆಕ್ಕ ಚಿಕ್ಕದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮರಣ ಹೊಂದಿದರು. ಅವರಲ್ಲಿ ಸುಮಾರು ಐದರಲ್ಲಿ ಒಬ್ಬರು ಪಾದಚಾರಿಗಳು. ದೆಹಲಿಯಲ್ಲಿ ಪಾದಚಾರಿಗಳ ಪಾಲು ಇದಕ್ಕಿಂತಲೂ ಹೆಚ್ಚು.

ಮೊದಲು ಸರಳ ಗಣಿತವನ್ನು ನೋಡಬಹುದು. ಮೂರು ಪಥಗಳ ಒಂದು ಬದಿಯ ರಸ್ತೆಯ ಅಗಲ ಸುಮಾರು ಹತ್ತೂವರೆ ಮೀಟರ್. ಸಾಧಾರಣ ನಡಿಗೆಯಲ್ಲಿ ಇದನ್ನು ದಾಟಲು ಒಂಬತ್ತು ಸೆಕೆಂಡು ಬೇಕು. ನಿಂತಲ್ಲಿಂದ ಹೊರಡುವ ಸೈಕಲ್ಲಿಗೆ ನಾಲ್ಕೈದು ಸೆಕೆಂಡು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂಬತ್ತು ಸೆಕೆಂಡುಗಳಲ್ಲಿ 150 ಮೀಟರ್ ಬರುತ್ತದೆ. ಎಂದರೆ ದಾಟುವ ವೃದ್ಧೆಗೆ 150 ಮೀಟರಿನಷ್ಟು ಬರಿದಾದ ರಸ್ತೆ ಬೇಕು. ದಟ್ಟಣೆಯ ಹೊತ್ತಿನಲ್ಲಿ ಅಂಥ ಬಿಡುವು ತಾನಾಗಿ ಒದಗುವುದಿಲ್ಲ. ಯಾರಾದರೂ ಅದನ್ನು ಬಿಟ್ಟುಕೊಡಬೇಕು. ಬಿಟ್ಟುಕೊಡಬೇಕಾದವನು ನಿಲ್ಲಲು ಎಷ್ಟು ದೂರ ಬೇಕು? 60ರ ವೇಗದಲ್ಲಿ, ಚಾಲಕ ಗ್ರಹಿಸಿ ಬ್ರೇಕ್ ತುಳಿಯುವ ಒಂದೂವರೆ ಸೆಕೆಂಡನ್ನೂ ಸೇರಿಸಿ, ಒಣ ರಸ್ತೆಯಲ್ಲಿ ಸುಮಾರು 45 ಮೀಟರ್. 30ರ ವೇಗದಲ್ಲಿ 18 ಮೀಟರ್. ಸೌಜನ್ಯವಿರುವ ಚಾಲಕನೂ 60ರ ವೇಗದಲ್ಲಿದ್ದಾಗ ಸೌಜನ್ಯ ತೋರಿಸಲು ಸಾಧ್ಯವಾಗದು. ಅವನು ದಾಟುವವರನ್ನು ಕಾಣುವ ಹೊತ್ತಿಗೆ ಬಿಟ್ಟುಕೊಡುವ ಅವಕಾಶ ಮೀರಿಹೋಗಿರುತ್ತದೆ.

ಇನ್ನು ಕಾನೂನು. ಮೋಟಾರು ವಾಹನಗಳ ಕಾಯಿದೆ, 1988ರ 118ನೇ ಪ್ರಕರಣ ಮೋಟಾರು ವಾಹನಗಳ ಚಾಲನೆಗೆ ನಿಯಮಾವಳಿ ರೂಪಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಅದರಡಿ 1989ರಲ್ಲಿ ರಸ್ತೆ ನಿಯಮಗಳು ಬಂದವು. 2017ರ ಜೂನ್ ತಿಂಗಳಿನಲ್ಲಿ ಅವುಗಳ ಸ್ಥಾನಕ್ಕೆ ಹೊಸ ಚಾಲನಾ ನಿಯಮಾವಳಿ ಬಂದಿತು. ಇವುಗಳ ಭಾಷೆಯನ್ನು ಗಮನವಿಟ್ಟು ಓದಬೇಕು. 1989ರ ನಿಯಮ ಹೇಳಿದ್ದು ಇಷ್ಟು: ಕೂಡುರಸ್ತೆಯನ್ನಾಗಲಿ ಪಾದಚಾರಿ ದಾಟುವ ಜಾಗವನ್ನಾಗಲಿ ಸಮೀಪಿಸುವಾಗ ಚಾಲಕ ವೇಗ ತಗ್ಗಿಸಬೇಕು, ಅಲ್ಲಿರುವವರ ಸುರಕ್ಷತೆಗೆ ಧಕ್ಕೆಯಿಲ್ಲವೆಂದು ಖಚಿತವಾಗುವವರೆಗೆ ಒಳನುಗ್ಗಬಾರದು, ನಿಯಂತ್ರಣವಿಲ್ಲದ ಕೂಡುರಸ್ತೆಯಲ್ಲಿ, ಮುಖ್ಯರಸ್ತೆಗೆ ಸೇರುವವನು ಮುಖ್ಯರಸ್ತೆಯ ವಾಹನಗಳಿಗೆ ದಾರಿ ಬಿಡಬೇಕು, ಮಿಕ್ಕ ಕಡೆ ತನ್ನ ಬಲಗಡೆಯಿಂದ ಬರುವ ಎಲ್ಲ ಸಂಚಾರಕ್ಕೂ ದಾರಿ ಬಿಡಬೇಕು. ‘ಎಲ್ಲ ಸಂಚಾರ’ ಎಂಬ ಮಾತು ಸೈಕಲ್ಲನ್ನು ಹೊರಗಿಟ್ಟಿಲ್ಲ. 2017ರ ನಿಯಮಾವಳಿ ಇನ್ನೂ ಮುಂದೆ ಹೋಗಿ, ಸಿಗ್ನಲ್ ಇಲ್ಲದ ಪಾದಚಾರಿ ಪಟ್ಟೆಯ ಬಳಿ ವೇಗ ತಗ್ಗಿಸಿ, ನಿಂತು, ದಾಟುವವರಿಗೂ ಗಾಲಿಕುರ್ಚಿಯವರಿಗೂ ದಾರಿ ಬಿಡಬೇಕೆನ್ನುತ್ತದೆ. ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರು, ಇವರ ಬಗ್ಗೆ ವಿಶೇಷ ಎಚ್ಚರ ವಹಿಸುವುದು ಚಾಲಕನ ಕರ್ತವ್ಯವೆಂದೂ ಹೇಳುತ್ತದೆ.

ಇಲ್ಲಿ ಒಂದು ಅಂಶ ಗಮನಾರ್ಹ. ‘ಮೊದಲು ಸಾಗುವ ಹಕ್ಕು’ ಎಂದು ಜನರು ಆಡುವ ಮಾತಿಗೆ ನಿಯಮದಲ್ಲಿರುವ ರೂಪ ‘ದಾರಿ ಬಿಡುವ ಕರ್ತವ್ಯ’. ಲೆಕ್ಕಪತ್ರದಲ್ಲಿ ಒಬ್ಬನ ಖಾತೆಗೆ ಜಮೆಯಾಗಬೇಕಾದರೆ ಇನ್ನೊಬ್ಬನ ಖಾತೆಯಲ್ಲಿ ಖರ್ಚು ಬೀಳಬೇಕು. ಹಾಗೆಯೇ ದಾಟುವವನ ಹಕ್ಕು ಹುಟ್ಟುವುದು ಚಾಲಕ ದಾರಿ ಬಿಟ್ಟಾಗ ಮಾತ್ರ. ಚಾಲಕನ ಕಡೆಯ ನಮೂದು ಬೀಳದಿದ್ದರೆ ದಾಟುವವನ ಹಕ್ಕು ಪುಸ್ತಕದಲ್ಲಿಯೇ ಉಳಿಯುತ್ತದೆ.

ಇನ್ನೊಂದು ಕೊರತೆಯೂ ಇದೆ. ಸೈಕಲ್ಲು ಯಂತ್ರಚಾಲಿತವಲ್ಲವಾದ್ದರಿಂದ ಕಾಯಿದೆಯ ಅರ್ಥದಲ್ಲಿ ಅದು ಮೋಟಾರು ವಾಹನವಲ್ಲ. ಆದುದರಿಂದ ಈ ನಿಯಮಾವಳಿಯಲ್ಲಿ ಸೈಕಲ್ ಸವಾರ ಬಹುಮಟ್ಟಿಗೆ ರಕ್ಷಿಸಲ್ಪಡಬೇಕಾದ ವ್ಯಕ್ತಿಯಾಗಿ ಬರುತ್ತಾನೆಯೇ ಹೊರತು, ರಸ್ತೆಯಲ್ಲಿ ತನ್ನದೇ ಸ್ಥಾನ, ತನ್ನದೇ ಹಕ್ಕು ಮತ್ತು ಹೊಣೆಯುಳ್ಳ ಸಂಚಾರಿಯಾಗಿ ಬರುವುದಿಲ್ಲ. ಅವನು ಎಲ್ಲಿ ನಿಲ್ಲಬೇಕು, ಎಡಕ್ಕೆ ಹೊರಳುವ ಕಾರಿನ ಎದುರು ಅವನ ಸ್ಥಾನವೇನು ಎಂಬುದನ್ನು ಚಾಲನೆಯ ಪರವಾನಗಿ ಪಡೆಯುವ ಯುವಕನಿಗೆ ಯಾರೂ ಹೇಳಿಕೊಡುವುದಿಲ್ಲ. ನಿಯಮ ಮೌನವಾಗಿರುವಲ್ಲಿ ರೂಢಿ ಮಾತನಾಡುತ್ತದೆ, ಮತ್ತು ಮುನಿರ್ಕಾದ ರೂಢಿ ದೊಡ್ಡ ವಾಹನಕ್ಕೆ ಮೊದಲ ಸ್ಥಾನ ಕೊಡುತ್ತದೆ.

ಹಾಗಾದರೆ ನಿಯಮ ಬದಲಾದರೆ ವರ್ತನೆ ಬದಲಾಗುವುದೇ? ಬದಲಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಮೈಸೂರಿನಲ್ಲಿ ಬೆಳೆದವರಿಗೆ ವೃತ್ತಗಳು ಚಿರಪರಿಚಿತ. ವೃತ್ತದೊಳಗಿರುವವನಿಗೆ ಹೊರಗಿನಿಂದ ಬರುವವನು ದಾರಿ ಬಿಡಬೇಕೆಂಬ ನಿಯಮ ಇಂದು ಸಹಜವೆಂಬಂತೆ ತೋರುತ್ತದೆ. ಬ್ರಿಟನ್ನಿನಲ್ಲಿ ಈ ನಿಯಮ ಬಂದದ್ದು 1966ರಲ್ಲಿ. ಅದಕ್ಕೆ ಮೊದಲು ದಟ್ಟಣೆಯ ಹೊತ್ತಿನಲ್ಲಿ ವೃತ್ತಗಳು ಒಳಗಿನವರೂ ಹೊರಗಿನವರೂ ಒಬ್ಬರನ್ನೊಬ್ಬರು ತಡೆದು ಬಿಗಿದುಕೊಳ್ಳುತ್ತಿದ್ದವು. ಒಂದೇ ಒಂದು ಆದ್ಯತಾ ನಿಯಮ ಆ ಗಂಟನ್ನು ಬಿಡಿಸಿತು. ನೆದರ್ಲೆಂಡ್ಸಿನಲ್ಲಿ ಬಲಗಡೆಯಿಂದ ಬರುವ ಮೋಟಾರು ವಾಹನಕ್ಕೆ ಇದ್ದ ಆದ್ಯತೆ ಬಲಗಡೆಯಿಂದ ಬರುವ ಸೈಕಲ್ಲಿಗೆ ಬಹುಕಾಲ ಇರಲಿಲ್ಲ. ಸೈಕಲ್ಲುಗಳ ನಾಡೆನಿಸಿದ ಆ ದೇಶದಲ್ಲಿಯೂ ಈ ತಾರತಮ್ಯ ತೊಲಗಿದ್ದು 2001ರ ಮೇ 1ರಂದು. ಬ್ರಿಟನ್ನಿನ ಹೆದ್ದಾರಿ ಸಂಹಿತೆಗೆ 2022ರ ಜನವರಿ 29ರಂದು ಸೇರಿದ ತಿದ್ದುಪಡಿ ಇನ್ನೂ ಸ್ಪಷ್ಟ: ಹೆಚ್ಚು ಹಾನಿ ಮಾಡಬಲ್ಲ ವಾಹನದವನಿಗೆ ಹೆಚ್ಚು ಹೊಣೆ, ನೇರವಾಗಿ ಸಾಗುವ ಸೈಕಲ್ಲನ್ನು ಅಡ್ಡಗಟ್ಟಿ ಕಾರು ಹೊರಳಬಾರದು, ಹೊರಳುವ ರಸ್ತೆಯನ್ನು ದಾಟಲು ಕಾದಿರುವ ಪಾದಚಾರಿಗೂ ದಾರಿ ಬಿಡಬೇಕು. ಮುನಿರ್ಕಾದ ಸ್ಲಿಪ್ ರಸ್ತೆಯ ಬಳಿ ಕಾಲೂರಿ ನಿಂತ ಸವಾರನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು.

ಆದರೆ ನಿಯಮ ಬರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಇದನ್ನು ತೋರಿಸಿಕೊಟ್ಟವರು ಫಿನ್‌ಲೆಂಡಿನ ಸಂಶೋಧಕರಾದ ಮಿಕ್ಕೊ ರಾಸಾನೆನ್ ಮತ್ತು ಹೈಕ್ಕಿ ಸುಮ್ಮಲಾ. ಆ ದೇಶದ ನಾಲ್ಕು ನಗರಗಳಲ್ಲಿ ಕಾರು ಮತ್ತು ಸೈಕಲ್ಲುಗಳ ನಡುವೆ ನಡೆದ 188 ಅಪಘಾತಗಳನ್ನು ಪರಿಶೀಲಿಸಿ 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಸೈಕಲ್ ದಾಟುದಾರಿಗಳಲ್ಲಿ ಅತಿ ಹೆಚ್ಚಾಗಿ ಕಂಡ ಅಪಘಾತ ಒಂದೇ ಬಗೆಯದು: ಬಲಕ್ಕೆ ಹೊರಳುವ ಕಾರು, ಮತ್ತು ಬಲಗಡೆಯಿಂದಲೇ ಸೈಕಲ್ ಪಥದಲ್ಲಿ ಬರುವ ಸವಾರ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ. ಬಲಕ್ಕೆ ಹೊರಳುವವನು ಕಾರುಗಳು ಬರುತ್ತವೆಯೇ ಎಂದು ಎಡಕ್ಕೆ ನೋಡುತ್ತಿರುತ್ತಾನೆ. ಬಲಗಡೆಯಿಂದ ಬರುವ ಸೈಕಲ್ಲು ಅವನ ಗಮನಕ್ಕೇ ಬರುವುದಿಲ್ಲ. ಇಂಥ ಪ್ರಕರಣಗಳಲ್ಲಿ ಡಿಕ್ಕಿಗೆ ಮೊದಲು ಸೈಕಲ್ಲನ್ನು ಕಂಡ ಚಾಲಕರು ನೂರಕ್ಕೆ 11 ಮಂದಿ ಮಾತ್ರ. ಸವಾರರಲ್ಲಿ ನೂರಕ್ಕೆ 68 ಮಂದಿ ಕಾರನ್ನು ಕಂಡಿದ್ದರು. ಹಾಗೆ ಕಂಡವರಲ್ಲಿ ನೂರಕ್ಕೆ 92 ಮಂದಿ, ಕಾನೂನಿನಂತೆ ಚಾಲಕ ದಾರಿ ಬಿಡುತ್ತಾನೆಂದು ನಂಬಿದ್ದರು.

ಈ ಅಂಕಿಗಳಲ್ಲಿ ಅಡಗಿರುವ ದುರಂತವನ್ನು ಬಿಡಿಸಿ ನೋಡಬೇಕು. ಕಾನೂನು ಸವಾರನ ಪರವಾಗಿತ್ತು. ಸವಾರನಿಗೆ ಅದು ಗೊತ್ತಿತ್ತು. ಆ ನಂಬಿಕೆಯೇ ಅವನನ್ನು ಕಾರಿನ ಮುಂದಕ್ಕೆ ಕರೆದೊಯ್ದಿತು. ಚಾಲಕ ದುಷ್ಟನಾಗಿರಲಿಲ್ಲ, ಅವನು ನೋಡಲಿಲ್ಲ, ಅಷ್ಟೆ. ನಿಯಮವು ಒಬ್ಬನಲ್ಲಿ ಭರವಸೆಯನ್ನು ಹುಟ್ಟಿಸಿ ಇನ್ನೊಬ್ಬನ ಕಣ್ಣನ್ನು ತಿರುಗಿಸದೆ ಬಿಟ್ಟರೆ ಅದು ರಕ್ಷಣೆಯಾಗದೆ ಬಲೆಯಾಗುತ್ತದೆ. ಅದೇ ಸುಮ್ಮಲಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಪರಿಹಾರದ ಕಡೆಗೂ ಬೆರಳು ಮಾಡಿತ್ತು. ರಸ್ತೆ ಉಬ್ಬು, ಎತ್ತರಿಸಿದ ಸೈಕಲ್ ದಾಟುದಾರಿ, ‘ನಿಲ್ಲಿ’ ಎಂಬ ಫಲಕ ಇದ್ದಲ್ಲಿ ಚಾಲಕರು ಬಲಗಡೆಗೂ ನೋಡತೊಡಗಿದರು. ವೇಗ ತಗ್ಗಿದಾಗ ಎರಡೂ ಕಡೆ ನೋಡಲು ಕಣ್ಣಿಗೆ ಸಮಯ ಸಿಕ್ಕಿತು.

ಭಾರತದಲ್ಲಿ ವಾಹನಗಳು ಎಡಕ್ಕೆ ಚಲಿಸುವುದರಿಂದ ಈ ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಳ್ಳಬೇಕು. ಮುನಿರ್ಕಾದ ಒಳರಸ್ತೆಯಿಂದ ಹೊರ ವರ್ತುಲ ರಸ್ತೆಗೆ ಎಡಕ್ಕೆ ಹೊರಳುವ ಚಾಲಕ ಬಲಕ್ಕೆ ನೋಡುತ್ತಾನೆ, ಏಕೆಂದರೆ ಅಪಾಯ ಬರುವುದು ಅಲ್ಲಿಂದ. ಎಡಗಡೆಯಿಂದ, ಅಂಚಿನಲ್ಲಿ, ಎದುರು ದಿಕ್ಕಿನಲ್ಲಿ ಬರುವ ಸೈಕಲ್ಲು ಅವನಿಗೆ ಕಾಣುವುದಿಲ್ಲ.

‘ಎದುರು ದಿಕ್ಕಿನಲ್ಲಿ ಬಂದದ್ದು ಸವಾರನ ತಪ್ಪಲ್ಲವೇ’ ಎಂಬ ಪ್ರಶ್ನೆ ಈ ಸಭೆಯಲ್ಲಿ ಏಳುವುದು ಸಹಜ. ತಪ್ಪು ಹೌದು. ಆದರೆ ಆ ತಪ್ಪು ಎಲ್ಲಿಂದ ಹುಟ್ಟುತ್ತದೆ? ವೇಗದ ಸಂಚಾರಕ್ಕಾಗಿ ಕಟ್ಟಿದ ರಸ್ತೆಯಲ್ಲಿ ವಿಭಜಕ ದೀರ್ಘವಾಗಿರುತ್ತದೆ, ತಿರುವು ದೂರವಿರುತ್ತದೆ. ಇನ್ನೂರು ಮೀಟರ್ ಆಚೆಗಿನ ಅಂಗಡಿಗೆ ಸರಿಯಾದ ದಿಕ್ಕಿನಲ್ಲಿ ಹೋಗಲು ಕಾರಿನವನು ಒಂದು ನಿಮಿಷದ ಪೆಟ್ರೋಲನ್ನು ಕಳೆದುಕೊಳ್ಳುತ್ತಾನೆ. ಸೈಕಲ್ಲಿನವನು ತನ್ನ ಕಾಲಿನ ಬಲದಿಂದ ಒಂದೋ ಎರಡೋ ಕಿಲೋಮೀಟರ್ ತುಳಿಯಬೇಕಾಗುತ್ತದೆ. ಹಾಗೆಯೇ ಸಿಗ್ನಲ್ ಹಸಿರಾಗುವ ಮೊದಲೇ ಹೊರಡುವ ಸವಾರರು ಎಲ್ಲ ನಗರಗಳಲ್ಲಿಯೂ ಇದ್ದಾರೆ. ಹಸಿರು ಬಿದ್ದ ಮೇಲೆ ಬಸ್ಸು, ಕಾರು, ಬೈಕುಗಳೆಲ್ಲ ಒಮ್ಮೆಲೇ ನುಗ್ಗುವಾಗ ಅವುಗಳ ನಡುವೆ ತೂಗಾಡುವುದಕ್ಕಿಂತ ಎರಡು ಸೆಕೆಂಡು ಮುಂಚೆ ಕೂಡುರಸ್ತೆಯನ್ನು ದಾಟಿಬಿಡುವುದು ಕ್ಷೇಮವೆಂದು ಅವರಿಗೆ ತೋರುತ್ತದೆ. ಅಮೆರಿಕದ ಐಡಹೊ ರಾಜ್ಯ 1982ರಲ್ಲಿಯೇ ಇಂಥ ವರ್ತನೆಯ ಒಂದು ಭಾಗವನ್ನು ಕಾನೂನಾಗಿಸಿತು. ಅಲ್ಲಿ ‘ನಿಲ್ಲಿ’ ಫಲಕದ ಬಳಿ ಸೈಕಲ್ ಸವಾರ ಪೂರ್ತಿ ನಿಲ್ಲದೆ, ನಿಧಾನಿಸಿ, ದಾರಿ ಬಿಡಬೇಕಾದವರಿಗೆ ಬಿಟ್ಟು ಮುಂದುವರಿಯಬಹುದು. ಅದನ್ನು ಇಲ್ಲಿಗೆ ಹಾಗೆಯೇ ತರಬೇಕೆಂದು ಯಾರೂ ಹೇಳಲಾರರು. ಆದರೆ ತನ್ನನ್ನು ಎಣಿಸದ ನಿಯಮವನ್ನು ಒಬ್ಬನು ಪಾಲಿಸದಿದ್ದಾಗ, ಅವನನ್ನು ಶಿಸ್ತಿಲ್ಲದವನೆಂದು ಬಯ್ಯುವ ಮೊದಲು ನಿಯಮವನ್ನೂ ರಸ್ತೆಯನ್ನೂ ಪರೀಕ್ಷಿಸುವುದು ನ್ಯಾಯ.

ದೆಹಲಿ ಈ ಪರೀಕ್ಷೆಯನ್ನು ಒಮ್ಮೆ ನಡೆಸಿತ್ತು. ಮುನಿರ್ಕಾದಿಂದ ಹೊರ ವರ್ತುಲ ರಸ್ತೆಯಲ್ಲಿಯೇ ಪೂರ್ವಕ್ಕೆ ಸಾಗಿದರೆ ಐಐಟಿ ದಾಟಿದ ಮೇಲೆ ಚಿರಾಗ್ ದಿಲ್ಲಿ ಕೂಡುರಸ್ತೆ ಸಿಗುತ್ತದೆ. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ 5.8 ಕಿಲೋಮೀಟರ್ ಉದ್ದದ ಬಸ್ ತ್ವರಿತ ಸಾರಿಗೆ ಪಥ ಇದೇ ಕೂಡುರಸ್ತೆಯ ಮೂಲಕ ಹಾದುಹೋಗುತ್ತಿತ್ತು. 2008ರ ಏಪ್ರಿಲ್‌ನಲ್ಲಿ ಆರಂಭವಾದ ಆ ಪಥದ ಪರಿಕಲ್ಪನೆಯಲ್ಲಿ ದೆಹಲಿ ಐಐಟಿಯ ದಿನೇಶ್ ಮೋಹನ್ ಮತ್ತು ಗೀತಂ ತಿವಾರಿ ಅವರ ಪಾತ್ರ ದೊಡ್ಡದು. ನಡುವೆ ಬಸ್ಸಿಗೆ ಪ್ರತ್ಯೇಕ ಪಥ, ಅಂಚಿನಲ್ಲಿ ಸೈಕಲ್ಲಿಗೆ ಪ್ರತ್ಯೇಕ ಪಥ, ಪಾದಚಾರಿಗೆ ಕಾಲುದಾರಿ. ಭಾರತದ ರಾಜಧಾನಿಯ ಒಂದು ಮುಖ್ಯರಸ್ತೆಯಲ್ಲಿ ಸೈಕಲ್ ಸವಾರನಿಗೆ ಗೆರೆ ಹಾಕಿ ಜಾಗ ಕೊಟ್ಟ ವಿರಳ ಪ್ರಯೋಗ ಅದು. ಚಿರಾಗ್ ದಿಲ್ಲಿಯಲ್ಲಿ ಕಾರುಗಳ ಸರತಿ ಸಾಲು ಬೆಳೆದಾಗ ವಿವಾದ ಎದ್ದಿತು. ಪ್ರಕರಣ ಉಚ್ಚ ನ್ಯಾಯಾಲಯಕ್ಕೂ ಹೋಯಿತು. 2012ರಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ವಜಾ ಮಾಡಿತು. ಆದರೂ 2016ರಲ್ಲಿ ಇಡೀ ಪಥವನ್ನು ಒಡೆದುಹಾಕಲಾಯಿತು.

ಆ ಪಥದಲ್ಲಿ ದೋಷಗಳಿರಲಿಲ್ಲವೆಂದಲ್ಲ. ಸೈಕಲ್ ಪಥಕ್ಕೆ ಬೈಕುಗಳು ನುಗ್ಗುತ್ತಿದ್ದವು. ಕೂಡುರಸ್ತೆಯ ಸಿಗ್ನಲ್ ನಿರ್ವಹಣೆಯ ಬಗ್ಗೆ ದೂರುಗಳಿದ್ದವು. ಆದರೆ ಚರ್ಚೆಯುದ್ದಕ್ಕೂ ಎದ್ದು ಕಂಡದ್ದು ಕಾರಿನಲ್ಲಿ ಕುಳಿತವನ ನಿಮಿಷಗಳು. ಬಸ್ಸಿನಲ್ಲಿ ನಿಂತವರ, ಸೈಕಲ್ ತುಳಿಯುವವರ ನಿಮಿಷಗಳು ಆ ತೂಕದಲ್ಲಿ ಬರಲಿಲ್ಲ. ಲೆಕ್ಕದಲ್ಲಿ ಸೇರದವನ ನಷ್ಟ ಯಾವ ವರದಿಯಲ್ಲಿಯೂ ಕಾಣುವುದಿಲ್ಲ. ಬಸ್ ಪಥ ಹೋದಾಗ ಅದರ ಜೊತೆ ಸೈಕಲ್ ಪಥವೂ ಹೋಯಿತು, ಮತ್ತು ಅದಕ್ಕಾಗಿ ಯಾವ ಪಕ್ಷವೂ ದನಿ ಎತ್ತಲಿಲ್ಲ.

ಈಗ ದಂಡ ಮತ್ತು ಪರಿಹಾರದ ಲೆಕ್ಕ. 2019ರ ತಿದ್ದುಪಡಿಯ ನಂತರ, ಚಾಲನಾ ನಿಯಮಾವಳಿಯ ಉಲ್ಲಂಘನೆಗೆ 177ಎ ಪ್ರಕರಣದ ಪ್ರಕಾರ ದಂಡ 500 ರೂಪಾಯಿಯಿಂದ 1,000 ರೂಪಾಯಿಯವರೆಗೆ. ಕೆಂಪು ದೀಪ ದಾಟಿದರೆ ಇನ್ನೂ ಕಠಿಣವಾದ 184ನೇ ಪ್ರಕರಣವಿದೆ. ಕೆಂಪು ದೀಪವನ್ನೂ ವೇಗವನ್ನೂ ಕ್ಯಾಮೆರಾ ಹಿಡಿಯುತ್ತದೆ. ಸ್ಲಿಪ್ ರಸ್ತೆಯಲ್ಲಿ ಪಾದಚಾರಿಗೆ ದಾರಿ ಬಿಡದ ಚಾಲಕನನ್ನು ಹಿಡಿಯುವ ಏರ್ಪಾಡು ರಸ್ತೆಯಲ್ಲಿ ಕಾಣಸಿಗುವುದೇ ಅಪರೂಪ. ಸಿಕ್ಕಿಬೀಳುವ ಸಂಭವ ಶೂನ್ಯಕ್ಕೆ ಹತ್ತಿರವಿದ್ದಾಗ ದಂಡದ ಮೊತ್ತ ಎಷ್ಟಿದ್ದರೂ ವರ್ತನೆ ಬದಲಾಗದು. ತೆರಿಗೆಯ ವ್ಯವಹಾರ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಪಘಾತ ನಡೆದ ಮೇಲೆ ಅದೇ ಪ್ರಶ್ನೆ ಹಣದ ರೂಪದಲ್ಲಿ ಮರಳುತ್ತದೆ. 166ನೇ ಪ್ರಕರಣದಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಹೋದಾಗ, ಗಾಯಗೊಂಡವನದೂ ನಿರ್ಲಕ್ಷ್ಯವಿತ್ತೆಂದು ಕಂಡುಬಂದರೆ ಪರಿಹಾರದ ಮೊತ್ತದಲ್ಲಿ ಕಡಿತವಾಗುತ್ತದೆ. ಪಟ್ಟೆಯ ಮೇಲೆ ದಾಟುತ್ತಿದ್ದನೇ, ಎದುರು ದಿಕ್ಕಿನಲ್ಲಿ ಬರುತ್ತಿದ್ದನೇ ಎಂಬುದು ಒಂದು ಕುಟುಂಬದ ಭವಿಷ್ಯವನ್ನು ನಿರ್ಧರಿಸಬಹುದು. ಪಟ್ಟೆಯನ್ನೇ ಬಳಿಯದ, ಸೈಕಲ್ಲಿಗೆ ಜಾಗವನ್ನೇ ಕೊಡದ ರಸ್ತೆಯಲ್ಲಿ ಈ ಪ್ರಶ್ನೆ ಎಷ್ಟು ಕ್ರೂರವೆಂಬುದನ್ನು ಯೋಚಿಸಬೇಕು. ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೊಡಿಸುವ 164ನೇ ಪ್ರಕರಣ ಇದೆ. ಮನೆಗೆಲಸದವರಿಗೆ, ಕಾವಲುಗಾರರಿಗೆ ಈ ಮಾಹಿತಿಯನ್ನು ತಿಳಿಸುವುದು ಓದು ಬಲ್ಲ ಪ್ರತಿಯೊಂದು ಕುಟುಂಬದ ಕರ್ತವ್ಯ.

ಈ ವಿಷಯ ಜೈನ ಸಮಾಜಕ್ಕೆ ಹೊರಗಿನದೇನೂ ಅಲ್ಲ. ಕಾಲ್ನಡಿಗೆಯ ವಿಹಾರದಲ್ಲಿರುವ ಸಾಧು-ಸಾಧ್ವಿಯರು ಹೆದ್ದಾರಿಗಳಲ್ಲಿ ವಾಹನ ಬಡಿದು ಅಸುನೀಗಿದ ಸುದ್ದಿ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರಗಳಿಂದ ಪದೇ ಪದೇ ಬರುತ್ತಿದೆ. ಈರ್ಯಾಸಮಿತಿಯನ್ನು ಪಾಲಿಸುವ ಸಾಧ್ವಿ ತನ್ನ ಮುಂದಿನ ನಾಲ್ಕು ಮೊಳದ ನೆಲವನ್ನು ನೋಡುತ್ತ, ಜೀವಿಗಳಿಗೆ ಹಿಂಸೆಯಾಗದಂತೆ ಹೆಜ್ಜೆಯಿಡುತ್ತಾಳೆ. ಹಿಂದಿನಿಂದ ಬರುವ ಲಾರಿಯನ್ನು ನೋಡುವ ಕೆಲಸ ಅವಳದಲ್ಲ. ಅವಳನ್ನು ನೋಡುವ ಕೆಲಸ ಲಾರಿಯವನದು. ಹಿಂಸೆಯ ಮೂಲದಲ್ಲಿ ಪ್ರಮಾದವನ್ನು, ಎಂದರೆ ಎಚ್ಚರದ ಅಭಾವವನ್ನು ಗುರುತಿಸಿದ ಧರ್ಮ ಜೈನಧರ್ಮ. ಚಾಲಕನ ಆಸನದಲ್ಲಿ ಕುಳಿತ ಶ್ರಾವಕನಿಗೂ ಆ ವಿಚಾರ ಅನ್ವಯಿಸುತ್ತದೆ. ನೋಡಲಿಲ್ಲ ಎಂಬುದು ಅಲ್ಲಿ ಸಮರ್ಥನೆಯಲ್ಲ, ಅದೇ ದೋಷ.

ವಿಹಾರದ ವೇಳೆ ಪೊಲೀಸ್ ಬೆಂಗಾವಲು ಕೊಡಿ ಎಂದು ಸಮಾಜದ ಸಂಸ್ಥೆಗಳು ಮನವಿ ಸಲ್ಲಿಸುತ್ತವೆ. ಅದು ಉಚಿತವೇ. ಆದರೆ ಮನವಿ ಅಲ್ಲಿಗೇ ನಿಲ್ಲುವುದು ಸರಿಯೇ? ಬೆಂಗಾವಲು ಒಂದು ದಿನದ, ಒಂದು ತಂಡದ ರಕ್ಷಣೆ. ಕಾಲುದಾರಿ ಮತ್ತು ದಾಟುದಾರಿ ಎಲ್ಲ ದಿನಗಳ, ಎಲ್ಲರ ರಕ್ಷಣೆ. ಸಾಧ್ವಿಗೆ ಬೇಕಾದ ಅದೇ ಅಂಚು ಹಾಲು ತರುವವನಿಗೂ ಶಾಲೆಗೆ ಹೋಗುವ ಮಗುವಿಗೂ ಬೇಕು. ಬಸದಿಯ ಉತ್ಸವದ ದಿನ ಕಾಲುದಾರಿಯ ಮೇಲೆ ಸಾಲುಗಟ್ಟಿ ನಿಲ್ಲುವ ಕಾರುಗಳನ್ನು ಕಂಡೂ ಕಾಣದಂತಿರುವ ಸಮಾಜ, ಹೆದ್ದಾರಿಯಲ್ಲಿ ತನ್ನವರಿಗೆ ಮಾತ್ರ ದಾರಿ ಕೇಳಿದರೆ ಆ ಕೇಳಿಕೆಗೆ ನೈತಿಕ ಬಲ ಉಳಿಯದು.

ಹಾಗಾದರೆ ಕೇಳಬೇಕಾದದ್ದು ಏನು, ಯಾರನ್ನು? ದೆಹಲಿಯಲ್ಲಿ ಎರಡನೆಯ ಪ್ರಶ್ನೆಯೇ ಜಟಿಲ. ಹೊರ ವರ್ತುಲ ರಸ್ತೆ ದೆಹಲಿ ಸರಕಾರದ ಲೋಕೋಪಯೋಗಿ ಇಲಾಖೆಯದು. ಸಂಚಾರ ಪೊಲೀಸರು ಕೇಂದ್ರ ಗೃಹ ಸಚಿವಾಲಯದ ಅಧೀನ. ಒಳಗಲ್ಲಿಗಳು ನಗರಪಾಲಿಕೆಯ ಹೊಣೆ. ಪಟ್ಟೆ ಬಳಿಯುವವರು ಒಬ್ಬರು, ಅದರ ಮೇಲೆ ನಿಂತ ಕಾರಿಗೆ ದಂಡ ಹಾಕುವವರು ಇನ್ನೊಬ್ಬರು. ಹೊಣೆ ಹೀಗೆ ಹಂಚಿಹೋದಾಗ ಆಡಳಿತ ಪಕ್ಷಗಳು ಒಂದರ ಮೇಲೊಂದು ಬೆರಳು ತೋರಿಸುವುದು ಸುಲಭವಾಗುತ್ತದೆ.

ಆದರೆ ಈಗ ಒಂದು ಹಿಡಿ ಸಿಕ್ಕಿದೆ. 2019ರ ತಿದ್ದುಪಡಿ ಕಾಯಿದೆಗೆ ಸೇರಿಸಿದ 138(1ಎ) ಪ್ರಕರಣ, ಸೈಕಲ್ಲಿನಂಥ ಯಂತ್ರರಹಿತ ವಾಹನಗಳ ಮತ್ತು ಪಾದಚಾರಿಗಳ ಸಂಚಾರಕ್ಕೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಕೊಟ್ಟಿದೆ. 210ಡಿ ಪ್ರಕರಣ ರಾಷ್ಟ್ರೀಯ ಹೆದ್ದಾರಿಯಲ್ಲದ ರಸ್ತೆಗಳ ವಿನ್ಯಾಸದ ಮಾನದಂಡಕ್ಕೆ ಸಂಬಂಧಿಸಿದ್ದು. 2025ರ ಅಕ್ಟೋಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಈ ಎರಡೂ ಪ್ರಕರಣಗಳಡಿ ಆರು ತಿಂಗಳೊಳಗೆ ನಿಯಮ ರೂಪಿಸುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿತು. ಅದಕ್ಕೂ ಮೊದಲು, ಅದೇ ವರ್ಷದ ಮೇ ತಿಂಗಳಿನಲ್ಲಿ, ಪಾದಚಾರಿಗಳಿಗೆ ಕಾಲುದಾರಿಯ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ ಹೇಳಿತ್ತು. ದೆಹಲಿಯಲ್ಲಿರಲಿ, ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಪ್ರತಿಯೊಂದು ಕುಟುಂಬ ತನ್ನ ರಾಜ್ಯ ಸರಕಾರವನ್ನು ಒಂದು ಪತ್ರದ ಮೂಲಕ ಕೇಳಬಹುದು: ಆ ನಿಯಮಗಳು ಬಂದಿವೆಯೇ, ಬಂದಿದ್ದರೆ ಅವುಗಳಲ್ಲಿ ಸೈಕಲ್ ಸವಾರನ ಸ್ಥಾನವೇನು?

ಆ ನಿಯಮಗಳಲ್ಲಿ ಇರಬೇಕಾದವು ಮೂರು. ಎಡಕ್ಕೆ ಹೊರಳುವ ವಾಹನ, ನೇರ ಸಾಗುವ ಸೈಕಲ್ಲಿಗೂ ದಾಟುವ ಪಾದಚಾರಿಗೂ ದಾರಿ ಬಿಡಬೇಕೆಂಬ ಸ್ಪಷ್ಟ ವಾಕ್ಯ. ಪ್ರತಿಯೊಂದು ಸ್ಲಿಪ್ ರಸ್ತೆಯ ಬಾಯಲ್ಲಿ ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿದ ದಾಟುದಾರಿ, ಏಕೆಂದರೆ ವಾಕ್ಯ ತಿರುಗಿಸಲಾರದ ಕಣ್ಣನ್ನು ಉಬ್ಬು ತಿರುಗಿಸುತ್ತದೆ. ಸಿಗ್ನಲ್ಲಿನಲ್ಲಿ ನಿಲುಗಡೆ ಗೆರೆಯ ಮುಂದೆ ಸೈಕಲ್ಲುಗಳಿಗೆ ಪ್ರತ್ಯೇಕ ಜಾಗ, ಕೆಲವು ಸೆಕೆಂಡು ಮೊದಲೇ ಹಸಿರು. ಇವುಗಳಿಗೆ ಮೇಲ್ಸೇತುವೆಯಷ್ಟು ಖರ್ಚಿಲ್ಲ. 2019ರ ಜುಲೈನಲ್ಲಿ ಮುನಿರ್ಕಾದ ಕಡೆಯಿಂದ ಸೇನಾ ಆಸ್ಪತ್ರೆಯ ದಿಕ್ಕಿಗೆ ಹೊಸ ಮೇಲ್ಸೇತುವೆ ತೆರೆಯಿತು. ಅದು ಕಾರುಗಳ ನಿಮಿಷಗಳನ್ನು ಉಳಿಸಿತು. ಅದರ ಕೆಳಗೆ ನಡೆಯುವವರ ಸೆಕೆಂಡುಗಳಿಗಾಗಿ ಕೇಳುತ್ತಿರುವುದು ಕೆಲವು ಲಾರಿ ಕಾಂಕ್ರೀಟು ಮತ್ತು ಬಣ್ಣ.

ಸರಕಾರದ ನಿಯಮ ಬರುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸವೂ ಇದೆ. ಕಾರಿರುವ ಮನೆಯವರು ಎಡಕ್ಕೆ ಹೊರಳುವ ಮೊದಲು ಎಡಗನ್ನಡಿಯನ್ನೂ ಎಡಭುಜದ ಹಿಂದನ್ನೂ ಒಮ್ಮೆ ನೋಡುವ ಅಭ್ಯಾಸವನ್ನು ತಾವು ರೂಢಿಸಿಕೊಂಡು, ಮಕ್ಕಳಿಗೂ ಸಂಬಳಕ್ಕಿರುವ ಚಾಲಕನಿಗೂ ಕಲಿಸಬೇಕು. ‘ಬೇಗ ಹೋಗು’ ಎಂದು ಹಿಂದಿನ ಆಸನದಿಂದ ಬರುವ ಮಾತು ಚಾಲಕನ ಕಾಲಿನ ಮೇಲೆ ಒತ್ತಡ ಹಾಕುತ್ತದೆ. ಆ ಮಾತಿನ ಪಾಲು ಆಡಿದವನದೂ ಹೌದು. ಒಂದು ಕಾರು ನಿಂತರೆ ಕಳೆದುಹೋಗುವುದು ಐದಾರು ಸೆಕೆಂಡು. ಕಾಲೂರಿ ಕಾದು ನಿಂತ ಸವಾರ ಆ ಐದಾರು ಸೆಕೆಂಡುಗಳಲ್ಲಿ ಸ್ಲಿಪ್ ರಸ್ತೆಯನ್ನು ದಾಟಿ, ತನ್ನ ಕೆಲಸದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ತಲುಪುತ್ತಾನೆ, ಮತ್ತು ಸಂಜೆ ಮನೆಗೆ ಮರಳುತ್ತಾನೆ.